ಬೆನ್ನು ತಿರುಗಿಸಿದ ಓಣಿ

ನಾನು ಮದುವೆಯಾಗಿ ಭಾಲ್ಕಿಗೆ ಬಂದಾಗ ಅದು ಬೇರೆ ದೇಶ. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಬಿಜಾಪುರದಿಂದ ಭಾಲ್ಕಿಗೆ ಎಷ್ಟು ದೂರ, ಅದ್ಯಾವ ಪರದೇಶ ಅನ್ನುತ್ತಾರೆ. ನಗಲಿ. ಗಡಿ ದಾಟುವಾಗ ಕರೋಡಗೀರಿಯವರು, ಅಂದರೆ ನಿಜಾಮನ ಸುಂಕದವರು, ರೈಲಿನ ಡಬ್ಬಿಗೆ ಹತ್ತಿ ನನ್ನ ಮದುವೆಯ ಪೆಟ್ಟಿಗೆ ಬಿಚ್ಚಿಸಿ, ಒಂದೊಂದೇ ಸೀರೆ ಕೊಡವಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ತವರಿನವರು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಗಂಟನ್ನೂ ಬಿಡಲಿಲ್ಲ. ಅಲ್ಲಿಯೇ ನನಗೆ ಸಿಟ್ಟು ಬಂತು. ಆ ಸಿಟ್ಟು ಇಳಿಯುವುದಕ್ಕೆ ಆ ರಾಜ್ಯ ನನಗೆ ಪುರಸೊತ್ತೇ ಕೊಡಲಿಲ್ಲ.

ನಮ್ಮ ಮನೆಯವರು ಭಾಲ್ಕಿಯ ಒಂದು ಹತ್ತಿ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದರು. ಎಂಜಿನ್ ರಿಪೇರಿ ಮಾಡುವವರು ಇಲ್ಲಿ ಸಿಗದೆ ಮಾಲೀಕರು ನಮ್ಮ ಕಡೆಯಿಂದ ಕರೆಸಿಕೊಂಡಿದ್ದರು. ಹೀಗಾಗಿ ನಾವು ಗೈರ್ ಮುಲ್ಕಿ. ಮುಲ್ಕಿ ಅಂದರೆ ಈ ನೆಲದವರು, ಗೈರ್ ಮುಲ್ಕಿ ಅಂದರೆ ಹೊರಗಿನವರು. ಕಚೇರಿಯಲ್ಲಿ ಆ ಮಾತು ಬಂದರೆ ಬರಲಿ, ಸಂತೆಯಲ್ಲಿ ಬದನೆಕಾಯಿ ತೂಗುವವಳೂ ನನ್ನ ಮಾತಿನ ಎಳೆತ ಕೇಳಿ, "ನೀವು ಗೈರ್ ಮುಲ್ಕಿ ಅಲ್ಲೇನ್ರಿ?" ಅನ್ನುತ್ತಿದ್ದಳು. ನಾನೂ ಕನ್ನಡದವಳು, ಅವಳೂ ಕನ್ನಡದವಳು. ನಾನು ವಿಭೂತಿ ಹಚ್ಚುತ್ತಿದ್ದೆ, ಅವಳೂ ಹಚ್ಚುತ್ತಿದ್ದಳು. ನಡುವೆ ಮಾತ್ರ ಒಂದು ದೇಶ.

ಸೂಟಿ ಶುಕ್ರವಾರ. ಕಚೇರಿಯ ಹಲಗೆ ಉರ್ದು, ಸಾಲಿಯ ಪಾಠ ಉರ್ದು, ಕೋರ್ಟಿನ ಕರೆ ಉರ್ದು. ಕನ್ನಡದಲ್ಲಿ ಅರ್ಜಿ ಬರೆದುಕೊಂಡು ಹೋದ ಮುದುಕನನ್ನು ಕಾರಕೂನ "ಇದು ಯಾವ ಇರುವೆ ಸಾಲು?" ಎಂದು ನಕ್ಕು ಕಳಿಸಿದ್ದನ್ನು ನಮ್ಮ ಮನೆಯವರು ಕಣ್ಣಾರೆ ಕಂಡು ಬಂದು ಹೇಳಿದರು. ಹೆಂಗಸರ ಪಾಡಂತೂ ಕೇಳಬೇಡಿ. ಮುಸಲ್ಮಾನರ ಮಾತಿರಲಿ, ನಮ್ಮ ಲಿಂಗವಂತ ಸಾಹುಕಾರರ ಮನೆಯ ಹೆಂಗಸರೇ ಸುತ್ತ ಪರದೆ ಕಟ್ಟಿದ ಬಂಡಿಯಲ್ಲಿ ಹೋಗುತ್ತಿದ್ದರು. ಅದು ದೊಡ್ಡಸ್ತಿಕೆಯಂತೆ! ನಾನು ಬಂದ ಹೊಸದರಲ್ಲಿ ಬರಿಮುಖದಲ್ಲಿ ಬಜಾರಿಗೆ ಹೋಗಿಬಂದೆ. ಮಾರನೆಯ ದಿನ ಕಚೇರಿಯ ಒಬ್ಬ ಜವಾನ ಜಿನ್ನಿನ ಬಾಗಿಲಿಗೆ ಬಂದು ನಮ್ಮ ಮನೆಯವರಿಗೆ, "ಮನಿಯವ್ರಿಗಿ ಇಲ್ಲಿ ರಿವಾಜ ಕಲಸ್ರಿ" ಎಂದು ಬುದ್ಧಿ ಹೇಳಿ ಹೋದ. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಕಣ್ಣಿಗೆ ಕಟ್ಟಿಕೊಳ್ಳಲಿ ಪರದೆ, ನನಗ್ಯಾಕೆ?

ನಮ್ಮ ಮನೆಯ ಮಾಲಕಿ ಒಬ್ಬ ಮುಸಲ್ಮಾನ ವಿಧವೆ. ಓಣಿಯೆಲ್ಲ ಅವಳನ್ನು ಖಾಲಾ ಅನ್ನುತ್ತಿತ್ತು, ನಾನೂ ಅಂದೆ. ಖಾಲಾ ಅಂದರೆ ತಾಯಿಯ ತಂಗಿ, ನಮ್ಮ ಚಿಗವ್ವ. ಅವಳ ದೊಡ್ಡ ಮನೆಯ ಒಂದು ಮಗ್ಗುಲಲ್ಲಿ ನಮ್ಮ ಎರಡು ಕೋಣೆ. ನಡುವಿನ ಬಾಗಿಲಿಗೆ ಗೋಣಿತಟ್ಟಿನ ಪರದೆ. ಆ ಮನೆ ಅವಳ ಅಪ್ಪ ಕಟ್ಟಿಸಿದ್ದು. ಅವಳು ಅಲ್ಲಿಯೇ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ಮನೆ ಅಳಿಯನಾಗಿ ಬಂದ ಗಂಡನನ್ನು ಅಲ್ಲಿಂದಲೇ ಮಣ್ಣಿಗೆ ಕಳಿಸಿಕೊಟ್ಟವಳು. ಮಗ ಔರಾದಿನ ತಹಸೀಲಿನಲ್ಲಿ ಕಾರಕೂನ. ಮನೆಯಲ್ಲಿ ಸೊಸೆ ಮತ್ತು ಎದೆಹಾಲು ಕುಡಿಯುವ ಕೂಸು.

ಖಾಲಾಳ ಬಾಯಿ ಜೋರು. ನನಗಿಂತ ಜೋರು ಅಂದರೆ ನೀವೇ ಲೆಕ್ಕ ಹಾಕಿ. ನಾನು ರೊಟ್ಟಿ ಬಡಿಯುವ ಸದ್ದು ಕೇಳಿ ಪರದೆಯ ಆಚೆಯಿಂದಲೇ, "ಬೇಟಿ, ರೊಟ್ಟಿ ಬಡೀತಿಯೋ ಗಂಡಗ ಬಡೀತಿಯೋ?" ಅನ್ನುತ್ತಿದ್ದಳು. ನಮ್ಮ ಮನೆಯವರ ಜೊತೆಗೂ ಪರದೆಯ ಆಚೆಯಿಂದ ಗಂಟೆಗಟ್ಟಲೆ ಹರಟೆ. ಅವರಿಗೆ ಕೆಮ್ಮು ಬಂದರೆ ಕಾಡೆ ಕುದಿಸಿ ಪರದೆಯ ಕೆಳಗಿನಿಂದ ಲೋಟ ಸರಿಸುತ್ತಿದ್ದಳು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ನಮ್ಮ ಮನೆಯವರು ಅವಳ ಮುಖ ಕಂಡಿರಲಿಲ್ಲ. ಕೈ ಕೂಡ ಕಂಡಿರಲಿಲ್ಲ.

ನಮ್ಮ ಓಣಿಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು, ಒಂದಕ್ಕೊಂದು ಅಂಟಿಕೊಂಡವು. ಮೊದಲ ಮಳೆಗಾಲದಲ್ಲಿ ಸೋರಿತೆಂದು ನಮ್ಮ ಮನೆಯವರು ಮಣ್ಣಿನ ಬುಟ್ಟಿ ಹೊತ್ತು ಸುಮ್ಮನೆ ಮೇಲೆ ಹತ್ತಿಬಿಟ್ಟರು. ಮೇಲಿನಿಂದ ಸುತ್ತಲಿನ ಅಂಗಳಗಳೆಲ್ಲ ಕಾಣುತ್ತವೆ. ಹೆಂಗಸರು ಚೀರಿಕೊಂಡು ಒಳಗೆ ಓಡಿದರು. ಸಂಜೆ ಖಾಲಾ ಇವರನ್ನು ಪರದೆಯ ಮುಂದೆ ನಿಲ್ಲಿಸಿಕೊಂಡು, "ಮಾಳಗಿ ಹತ್ತೋ ಮುಂದ 'ಪರದಾ' ಅಂತ ಕೂಗಬೇಕು ಬೇಟಾ. ನಿಮ್ಮೂರಾಗ ಇದನ್ನೂ ಕಲಿಸಂಗಿಲ್ಲೇನು?" ಎಂದು ಬೈದಳು. ಅಂದಿನಿಂದ ಇವರು ಮೊದಲ ಮೆಟ್ಟಿಲಲ್ಲೇ ಕೂಗು ಹಾಕುತ್ತಿದ್ದರು. ಹೆಂಗಸರು ಒಂದು ಮನೆಯಿಂದ ಇನ್ನೊಂದಕ್ಕೆ ಓಣಿ ದಾಟುವಾಗಲೂ ಅದೇ ಕೂಗು. ಆಗ ಗಂಡಸರು ಹಿಂದೂ ಇರಲಿ ಮುಸಲ್ಮಾನ ಇರಲಿ, ನಿಂತಲ್ಲೇ ಗೋಡೆಯ ಕಡೆ ತಿರುಗಿ ಅವರು ದಾಟುವವರೆಗೆ ಬೆನ್ನು ತೋರಿಸಿ ನಿಲ್ಲಬೇಕು. ನಮ್ಮ ಓಣಿಯ ಕಿರಾಣಿ ಅಂಗಡಿಯ ಸಾಹುಕಾರನಂತೂ ತಕ್ಕಡಿ ಹಿಡಿದ ಕೈ ಹಾಗೆಯೇ ಇಟ್ಟು ತಿರುಗಿಬಿಡುತ್ತಿದ್ದ. ಹದ್ದು ಕಂಡ ಕೋಳಿಗಳ ಹಾಗೆ ನಾವು ಓಡುವುದು, ಅವರು ಗೋಡೆ ನೋಡುವುದು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಒಂದು ಶ್ರಾವಣ ಸೋಮವಾರ ಓಣಿಯ ನಾಲ್ಕಾರು ಹೆಂಗಸರನ್ನು ಕರೆದು ನಮ್ಮ ಕೋಣೆಯಲ್ಲಿ ವಚನ ಹಾಡಿಕೊಳ್ಳುತ್ತ ಕೂತಿದ್ದೆವು. ಪೊಲೀಸಿನವನೊಬ್ಬ ಬಂದು, ಸಭೆಗೆ ಇಜಾಜತ್ ಇದೆಯೇ, ಪರವಾನಗಿ ತೋರಿಸಿ ಎಂದ. ನಮ್ಮ ಮನೆಯ ಒಳಗೆ ನಾವು ಬಾಯಿ ತೆರೆಯಲು ಪರವಾನಗಿ! ನಾನು ಏನಾದರೂ ಅಂದು ಕೆಡಿಸುತ್ತಿದ್ದೆನೋ ಏನೋ, ಅಷ್ಟರಲ್ಲಿ ಖಾಲಾಳ ದನಿ ಕೇಳಿತು: "ಈ ಮನಿ ನಂದು. ಒಳಗ ಹೆಂಗಸ್ರು ಅದಾರ. ಪರದಾ ಸರಿಸಿ ಬರ್ತಿಯೇನು? ಬಾ, ನಿಮ್ಮವ್ವನ ಹೆಸರು ಹೇಳಿ ಬಾ." ಅವನು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದ. ಗೋಣಿತಟ್ಟಿನ ಪರದೆಗೆ ಅಷ್ಟು ಬಲವಿದೆ ಎಂದು ಅವತ್ತು ಗೊತ್ತಾಯಿತು. ಆದರೂ ಅದರ ಮೇಲಿನ ನನ್ನ ಸಿಟ್ಟು ಹೋಗಲಿಲ್ಲ.

ನಿಜಾಮನ ರಾಜ್ಯದ ಕೊನೆಯ ವರ್ಷ ಹೊಲಸೆದ್ದು ಹೋಯಿತು. ಖಾಕಿ ತೊಟ್ಟು ಬರ್ಚಿ ಹಿಡಿದ ಅವನ ಕಡೆಯ ಪುಂಡರು ಬಜಾರಿನಲ್ಲಿ ಕವಾಯತು ಮಾಡುತ್ತಿದ್ದರು. ಭಾತಂಬ್ರಾ ಕಡೆಯಿಂದ ಜನ ಹಾಸಿಗೆ, ಪಾತ್ರೆ, ಮುದುಕರನ್ನು ಒಂದೇ ಬಂಡಿಯಲ್ಲಿ ಹೇರಿಕೊಂಡು ಗಡಿಯಾಚೆ ಹೋಗುವುದನ್ನು ದಿನಾ ನೋಡುತ್ತಿದ್ದೆವು. ಗಡಿ ಮುಚ್ಚಿ ಚಿಮಣಿ ಎಣ್ಣೆ ಇಲ್ಲ, ಉಪ್ಪು ಇಲ್ಲ. ಸಾಹುಕಾರ ಉಪ್ಪನ್ನು ಗಂಧದ ಹಾಗೆ ಚಿಟಿಕೆ ಲೆಕ್ಕದಲ್ಲಿ ಮಾರಿದ. ಖಾಲಾಳ ಮಗ ಔರಾದಿನಿಂದ ಬಂದಾಗಲೆಲ್ಲ ಪರದೆಯ ಈಚೆ ನಮ್ಮ ಮನೆಯವರ ಜೊತೆ ಕೂತು, "ಇವ್ರು ನಿಮ್ಮನ್ನ ಸುಡ್ತಾರ, ನಮ್ಮನ್ನ ಮುಳಗಸ್ತಾರ, ನೋಡ್ರಿ ಭಾಯಿ" ಎಂದು ತಲೆ ಹಿಡಿದುಕೊಳ್ಳುತ್ತಿದ್ದ. ಸಣ್ಣ ದನಿಯ ಹುಡುಗ. ಹೆಂಡತಿಗೆಂದು ತಂದ ಬಳೆಗಳನ್ನು ಮೊದಲು ತಾಯಿಗೆ ತೋರಿಸಿ ಒಳಗೆ ಒಯ್ಯುತ್ತಿದ್ದ.

ಆಮೇಲೆ ಭಾರತದ ಸೈನ್ಯ ಬಂತು. ಪೊಲೀಸ್ ಆ್ಯಕ್ಷನ್ ಅನ್ನುತ್ತಾರೆ. ನನ್ನ ಕಣ್ಣಿಗೆ ಪೊಲೀಸರು ಬೀಳಲಿಲ್ಲ, ಬಂದದ್ದು ಫೌಜು. ನಾನು ಖುಷಿಪಟ್ಟೆ, ಯಾಕೆ ಸುಳ್ಳು ಹೇಳಲಿ? ಕರೋಡಗೀರಿ ಹೋಯಿತು, ಇಜಾಜತ್ ಹೋಯಿತು, ನಾನು ನನ್ನ ದೇಶದಲ್ಲೇ ಇದ್ದೇನೆ ಎಂದು ಹುಗ್ಗಿ ಮಾಡಿ ಖಾಲಾಳಿಗೂ ಕೊಟ್ಟೆ. ಅವಳು ಬಟ್ಟಲು ತೆಗೆದುಕೊಂಡು, "ಈ ಖಾಕಿಯವ್ರ ಕಾಟ ತಪ್ಪಿತಲ್ಲ, ಅಲ್ಲಾನ ದಯಾ" ಎಂದಳು.

ಕಾಟ ಕೊಟ್ಟವರು ಮೊದಲೇ ಓಡಿಹೋಗಿದ್ದರು. ಕೈಗೆ ಸಿಕ್ಕವರು ಖಾಲಾಳಂಥವರು.

ಅದು ಹಾಡಹಗಲು. ಓಣಿಯ ಬಾಯಲ್ಲಿ ಗದ್ದಲ ಎದ್ದಿತು. ಹೊರಗಿನಿಂದ ಬಂದವರೂ ಇದ್ದರು, ನಮ್ಮ ಓಣಿಯವರೂ ಇದ್ದರು. ಈ ಮಾತನ್ನು ಹೊರಗಿನವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದನ್ನು ನಾನು ಬಹಳ ಕೇಳಿದ್ದೇನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಕೊಡಲಿ ಹಿಡಿದು ನಿಂತವರಲ್ಲಿ ಹಿಂದಿನ ತಿಂಗಳು ಖಾಲಾಳಿಂದ ಮಗುವಿಗೆ ದೃಷ್ಟಿ ತೆಗೆಸಿಕೊಂಡು ಹೋದವನೊಬ್ಬನನ್ನು ನಾನೇ ನೋಡಿದೆ. ಎದುರಿನ ಮಾಳಿಗೆಗಳ ಮೇಲೆ ಗಂಡಸರು ಸಾಲಾಗಿ ನಿಂತಿದ್ದರು. ಸಾಹುಕಾರ ಬಡಿಗೆ ಹಿಡಿದು ಮಕ್ಕಳ ಸಮೇತ ನಿಂತಿದ್ದ. ಓಣಿಯ ಆ ತುದಿಯ ಮುಸಲ್ಮಾನರ ಮನೆಯಿಂದ ಹೊಗೆ ಏಳುತ್ತಿತ್ತು.

ಓಣಿಗೆ ಇಳಿಯುವಂತಿರಲಿಲ್ಲ. ಉಳಿದದ್ದು ಮಾಳಿಗೆಯ ದಾರಿ ಒಂದೇ. ನಮ್ಮ ಸಾಲಿನ ಮಾಳಿಗೆಗಳ ಮೇಲೆ ನಡೆದರೆ ಜಿನ್ನಿನ ಹಿಂದಿನ ಗೋಡೆ. ಅಲ್ಲಿ ಇಳಿದರೆ ಮಾಲೀಕರ ಕಾವಲಿದೆ, ಯಾರೂ ಒಳಗೆ ಬರಲಾರರು. ನಮ್ಮ ಮನೆಯವರು ನಿಚ್ಚಣಿಕೆ ಇಟ್ಟರು. ನಾನು ಪರದೆ ಕಿತ್ತೆಸೆದು ಒಳಗೆ ನುಗ್ಗಿದೆ.

ಖಾಲಾ ಮತ್ತು ಸೊಸೆ ಬುರ್ಖಾ ತೊಟ್ಟು ಕೂತಿದ್ದರು. ಆ ಕಾಲದ ಬುರ್ಖಾ ತಲೆಯಿಂದ ಪಾದದವರೆಗೆ ಒಂದೇ ಚೀಲ, ಕಣ್ಣಿಗೆ ಅಂಗೈಯಗಲದ ಜಾಳಿಗೆ. ಅದನ್ನು ತೊಟ್ಟು, ಕೂಸನ್ನು ಎತ್ತಿಕೊಂಡು ನಿಚ್ಚಣಿಕೆ ಹತ್ತುವುದು, ಮಳೆಗೆ ನೆನೆದ ಮಣ್ಣಿನ ಮೇಲೆ ಗೋಡೆಯಿಂದ ಗೋಡೆಗೆ ಜಿಗಿಯುವುದು ಆಗದ ಮಾತು.

"ತೆಗೀರಿ ಅದನ್ನ," ಎಂದೆ.

"ನಕೋ ಬೇಟಿ," ಎಂದಳು ಖಾಲಾ. "ಎದರಿಗಿ ಇಷ್ಟ ಮಂದಿ ಗಂಡಸ್ರು ನಿಂತಾರ. ನಾ ಬರಂಗಿಲ್ಲ. ಸೊಸಿಗಿ, ಕೂಸಿಗಿ ಕರಕೊಂಡು ಹೋಗು."

"ಸಾಯ್ತೀರೇನು?"

"ಸಾಯ್ತೇನಿ. ನನ್ನ ಮನ್ಯಾಗ ಸಾಯ್ತೇನಿ."

ಅತ್ತೆ ಬಾರದೆ ಸೊಸೆಯೂ ಏಳಲೊಲ್ಲಳು. ನನಗೆ ಬಂದ ಸಿಟ್ಟು ಹೊರಗಿನ ಕೊಡಲಿಯವರ ಮೇಲೂ ಬಂದಿರಲಿಲ್ಲ. ಅವಳ ಭುಜ ಹಿಡಿದು ಅಲುಗಾಡಿಸಿದೆ. ನಿಮ್ಮ ಪರದಾಕ್ಕ ಬೆಂಕಿ ಹಚ್ಚಲಿ, ಆ ಕೂಸು ಏನು ಪಾಪ ಮಾಡಿತ್ರಿ ಎಂದು ಕೂಗಿದೆ. ಅವಳು ಕಲ್ಲಿನ ಹಾಗೆ ಕೂತಳು. ಬಾಗಿಲಿಗೆ ಮೊದಲ ಪೆಟ್ಟು ಬಿತ್ತು.

ನಮ್ಮ ಮನೆಯವರು ನಿಚ್ಚಣಿಕೆಯ ಮೇಲೆ ಅರ್ಧ ಹತ್ತಿದ್ದರು. ನಮ್ಮ ಜಗಳವೆಲ್ಲ ಅವರ ಕಿವಿಗೆ ಬಿದ್ದಿತ್ತು. ಮೇಲೆ ಹತ್ತಿ, ಎದುರಿನ ಮಾಳಿಗೆಗಳ ಕಡೆ ಮುಖ ಮಾಡಿ ನಿಂತು, ಎದೆ ತುಂಬ ಉಸಿರು ಎಳೆದು ಕೂಗಿದರು: "ಪರದಾ! ಪರದಾ ಬರಾಕತ್ತೇತಿ! ಪರದಾ!"

ನಾನು ಓಣಿಯ ಕಡೆಯ ಬೆಳಕಿಂಡಿಯಿಂದ ನೋಡುತ್ತಿದ್ದೆ. ಸಾಹುಕಾರ ತಿರುಗಿದ. ಬಡಿಗೆ ಕೈಯಲ್ಲಿ ಹಾಗೆಯೇ ಇತ್ತು. ಅವನ ಮಕ್ಕಳು ತಿರುಗಿದರು. ಪಕ್ಕದ ಮಾಳಿಗೆಯವರು ತಿರುಗಿದರು. ಓಣಿಯಲ್ಲಿ ಕೊಡಲಿ ಹಿಡಿದು ನಿಂತ ನಮ್ಮವರೂ ಗೋಡೆಗೆ ಮುಖ ಕೊಟ್ಟರು. ಹೊರಗಿನಿಂದ ಬಂದವರು ಇದೇನೆಂದು ತಿಳಿಯದೆ ಇವರ ಮುಖ ಅವರು ನೋಡುತ್ತ ಪೆಟ್ಟು ನಿಲ್ಲಿಸಿದರು. ಹುಟ್ಟಿದಾಗಿನಿಂದ ಕೇಳಿದ ಕೂಗು, ಮೈ ತಾನಾಗಿ ತಿರುಗಿತು. ಯಾರೂ ಯೋಚಿಸಿ ಮಾಡಿದ್ದಲ್ಲ.

ಖಾಲಾ ಎದ್ದಳು. ಬುರ್ಖಾ ತೆಗೆದು ಮಡಚಿ ಬಗಲಲ್ಲಿ ಇಟ್ಟುಕೊಂಡಳು. ಅಂಥ ಹೊತ್ತಿನಲ್ಲೂ ಮಡಚಿದಳು! ನಮ್ಮ ಮನೆಯವರೂ ಆ ಕಡೆಗೇ ಮುಖ ಮಾಡಿ ನಿಂತು ಕೂಗುತ್ತಲೇ ಇದ್ದರು. ನಾನು ಕೂಸನ್ನು ಸೀರೆಯಲ್ಲಿ ಕಟ್ಟಿಕೊಂಡು ಮುಂದೆ, ಸೊಸೆ ನಡುವೆ, ಖಾಲಾ ಹಿಂದೆ. ಮಾಳಿಗೆಯಿಂದ ಮಾಳಿಗೆಗೆ ದಾಟುವಾಗ ನಾನು ಒಮ್ಮೆ ತಿರುಗಿ ನೋಡಿದೆ. ಎದುರಿಗೆ ಬರೀ ಬೆನ್ನುಗಳು. ನನಗೆ ನಗು ಬಂತು, ಹುಚ್ಚಿಯ ಹಾಗೆ ನಕ್ಕೆ. ಜಿನ್ನಿನೊಳಗೆ ಇಳಿದ ಮೇಲೆ ಹತ್ತಿಯ ರಾಶಿಯ ಮೇಲೆ ಕೂತು ಕೂಸನ್ನು ಬಿಚ್ಚಿ ಸೊಸೆಗೆ ಕೊಟ್ಟೆ.

ಕೂಗು ನಿಂತ ಮೇಲೆ ಅವರು ಮತ್ತೆ ಈ ಕಡೆ ತಿರುಗಿದರು. ಬಾಗಿಲು ಒಡೆದರು. ಹೆಂಗಸರ ಮುಖ ನೋಡಬಾರದೆಂಬ ನಾಚಿಕೆ ಇತ್ತಲ್ಲ, ಅವರ ಪೆಟ್ಟಿಗೆಗೆ ಕೈ ಹಾಕುವಾಗ ಅದು ಎಲ್ಲಿ ಹೋಗಿತ್ತು? ನನ್ನ ಸಿಟ್ಟಿನ ಮೂಲ ಇದು. ಮನುಷ್ಯರಾಗಲು ಬರುತ್ತಿತ್ತು ಅವರಿಗೆ. ಒಂದು ಕೂಗಿನಷ್ಟು ಹೊತ್ತು ಆಗಿ ತೋರಿಸಿದರು. ಆಮೇಲೆ ಬೇಡವೆಂದರು.

ಖಾಲಾಳ ಮಗ ಔರಾದಿನಿಂದ ಬರಲಿಲ್ಲ. ಗದ್ದಲ ತಣ್ಣಗಾದ ಮೇಲೆ ನಮ್ಮ ಮನೆಯವರು ಹುಡುಕಿಕೊಂಡು ಹೋದರು. ಔರಾದಿನಲ್ಲಿ ಕೇಳಿದವರೆಲ್ಲ ನೆಲ ನೋಡಿದರಂತೆ. ಒಬ್ಬ ಕುರಿಕಾಯುವ ಮುದುಕ ಮಾತ್ರ ಒಂದು ತೊಗರಿ ಹೊಲದ ಕಡೆ ಕೈ ತೋರಿಸಿ, "ಭಾಳ ಮಂದಿ ಅದಾರ್ರಿ ಅಲ್ಲಿ, ನೋಡಬ್ಯಾಡ್ರಿ" ಎಂದನಂತೆ. ಇವರು ತಿರುಗಿ ಬಂದು ಗೋಡೆಗೆ ಒರಗಿ ಕೂತರು. ಜಿನ್ನಿನಲ್ಲೇ ಇದ್ದ ಖಾಲಾ ಮತ್ತು ಸೊಸೆಗೆ ನಾನೇ ಹೋಗಿ ಹೇಳಬೇಕಾಯಿತು. ಸೊಸೆಯ ಕೊರಳಲ್ಲಿ ನಮ್ಮ ಹಾಗೆಯೇ ಕರಿಮಣಿ ಇರುತ್ತಿತ್ತು, ಲಚ್ಚಾ ಅನ್ನುತ್ತಾರೆ. ಅವಳು ಅದನ್ನು ತೆಗೆಯಲು ಒಪ್ಪಲೇ ಇಲ್ಲ. ಹೆಣ ನೋಡಿಲ್ಲ, ಯಾಕ ತೆಗೀಲಿ ಎಂದಳು. ಸಂಬಂಧಿಕರು ಬಂದು ಅವರನ್ನು ಬೀದರಿಗೆ, ಚಿದ್ರಿಯ ಒಂದು ಮನೆಗೆ ಕರೆದುಕೊಂಡು ಹೋದರು.

ಖಾಲಾಳ ಮನೆಗೆ ಸಾಹುಕಾರ ಕೀಲಿ ಹಾಕಿದ. "ಹಾಳು ಬೀಳಬಾರದು ತಂಗಿ, ಕಾಯಾಕ ಹಾಕೇನಿ" ಎಂದ. ಕೆಲವು ದಿನಕ್ಕೆ ಅಲ್ಲಿ ಬೆಲ್ಲದ ಪೆಂಟಿ ಇಳಿದವು. ಆಮೇಲೆ ಸುಣ್ಣ ಬಳಿಸಿದ. ಆಮೇಲೆ ಬಗದಲ್ ಊರಿನ ಕಡೆಯಿಂದ ತಂದ ಸಣ್ಣ ಸೊಸೆಯ ಸಂಸಾರ ಹೂಡಿಸಿದ. ಕೊನೆಗೆ ನಮ್ಮ ಹತ್ತಿರ ಬಂದು, ನಿಮ್ಮ ಎರಡು ಕೋಣೆಯ ಬಾಡಿಗೆ ಇನ್ನು ಮೇಲೆ ನಮಗೆ ಕೊಡಿ ಎಂದ! ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವವರನ್ನು ಕೇಳಿದ್ದೆ, ಬಾಡಿಗೆ ಕೇಳುವವನನ್ನು ಅವತ್ತು ನೋಡಿದೆ. ನಾವು ಆ ವಾರವೇ ಜಿನ್ನಿನ ಕೋಣೆಗೆ ಹೋದೆವು.

ನಾನು ಸುಮ್ಮನಿರಲಿಲ್ಲ. ತಹಸೀಲಿಗೆ ಹೋದೆ. ಹಳೆಯವರೆಲ್ಲ ಹೋಗಿ ನಮ್ಮ ಬಿಜಾಪುರವೂ ಸೇರಿದ್ದ ಮುಂಬಯಿ ಪ್ರಾಂತದಿಂದ ಹೊಸ ಸಾಹೇಬರು ಬಂದಿದ್ದರು. ನನ್ನ ಮಾತು ಕೇಳಿ ಮುಖ ಅರಳಿಸಿ, "ಅರೆ, ಬಾಯಾರ, ನೀವು ನಮ್ಮ ಕಡೆಯವರು! ಕೂಡ್ರಿ, ಚಹಾ ತರಸ್ತೀನಿ" ಎಂದರು. ಇಷ್ಟು ವರ್ಷ ಗೈರ್ ಮುಲ್ಕಿ ಆಗಿದ್ದವಳು ಒಂದೇ ಗಳಿಗೆಯಲ್ಲಿ ಮನೆಮಗಳಾದೆ. ಖಾಲಾಳ ಮನೆಯ ವಿಷಯ ಹೇಳಿದೆ.

"ಬಿಟ್ಟು ಹೋದವರ ಮನಿ ಅಲ್ಲೇನ್ರಿ ಅದು?" ಎಂದರು ಸಾಹೇಬರು.

"ಬಿಟ್ಟು ಹೋಗಿಲ್ಲರಿ. ಬೀದರದಾಗ ಅದಾಳ. ಅಕೀ ಮನಿ, ಅಕೀ ಅಪ್ಪ ಕಟ್ಟಿಸಿದ್ದು."

"ನಿಮಗ್ಯಾಕ್ರಿ ಅವರ ಉಸಾಬರಿ? ಅವರು ಇನ್ನ ತಮ್ಮ ಕಡೆ ನೋಡಿಕೋತಾರ."

ತಮ್ಮ ಕಡೆ ಅಂದರೆ ಯಾವ ಕಡೆ? ಭಾಲ್ಕಿಯಲ್ಲಿ ಹುಟ್ಟಿದವಳಿಗೆ ಭಾಲ್ಕಿ ಬಿಟ್ಟು ಇನ್ಯಾವ ಕಡೆ ಇದೆ? ಚಹಾ ಬಂತು. ಕುಡಿಯದೆ ಎದ್ದು ಬಂದೆ.

ಚಳಿಗಾಲ ಕಳೆದ ಮೇಲೆ ಖಾಲಾ ತಾನೇ ಬಂದಳು. ಬೀದರಿನ ರೈಲಿಳಿದು ನೇರ ಜಿನ್ನಿಗೆ ಬಂದು, "ನಡಿ ಬೇಟಿ, ನನ್ನ ಮನಿಗಿ ಹೋಗೂಣು" ಎಂದಳು. ಇಬ್ಬರೂ ನಡೆದೆವು. ಒಂದು ಕಾಲಕ್ಕೆ ನನ್ನ ಬರಿಮುಖ ನೋಡಿ ಮೂಗು ಮುರಿದ ಅದೇ ಬಜಾರು ಈಗ ಅವಳ ಬುರ್ಖಾ ನೋಡಿ ಸಿಳ್ಳೆ ಹಾಕಿತು. ನಾನು ನಿಂತು ಬೈಯಲು ಹೋದರೆ ಖಾಲಾ ಕೈ ಹಿಡಿದು ಎಳೆದಳು.

ಬಾಗಿಲು ತೆರೆದವಳು ಸಾಹುಕಾರನ ಸಣ್ಣ ಸೊಸೆ. ಪಾಪದ ಹುಡುಗಿ, ಹೊಸಬಳು, ಅವಳಿಗೇನು ಗೊತ್ತು? ತಂಬಿಗೆಯಲ್ಲಿ ನೀರು ತಂದು, "ಕೂಡ್ರಿ ಅಮ್ಮಾ, ಯಾವೂರಿಂದ ಬಂದ್ರಿ?" ಎಂದು ಕೇಳಿದಳು. ಖಾಲಾ ತಾನು ಹುಟ್ಟಿದ ಪಡಸಾಲೆಯ ಹೊಸ್ತಿಲ ಹೊರಗೆ ನಿಂತಿದ್ದಳು. ಸುದ್ದಿ ಹೋಗಿ ಸಾಹುಕಾರ ಅಂಗಡಿಯಿಂದ ಓಡಿ ಬಂದ. ಓಣಿಯ ಮಂದಿಯೂ ನೆರೆಯಿತು.

ಅವನು ನಗುತ್ತಲೇ ಇದ್ದ. "ಬರ್ರಿ ಖಾಲಾ, ಆರಾಮ ಅದೀರೇನ್ರಿ? ನೋಡ್ರಿ, ಅವತ್ತ ನಿಮ್ಮ ಮಾನಾ ಉಳಿಸಿದ್ದು ನಾವೇ. ಊರೆಲ್ಲಾ ಹೇಳ್ತದ. ನಿಮ್ಮ ಮಾರಿ ಸೈತ ನೋಡಲಿಲ್ಲ ನಾವು, ಬೆನ್ನು ತಿರಗಿಸಿ ನಿಂತೇವಿ."

"ಖರೇ," ಎಂದಳು ಖಾಲಾ. "ನೋಡಲಿಲ್ಲ ನೀವು. ಈಗ ನೋಡ್ರಿ."

ಎರಡೂ ಕೈಯಿಂದ ಬುರ್ಖಾ ಹಿಡಿದು ತಲೆಯ ಮೇಲೆ ಎತ್ತಿಬಿಟ್ಟಳು. ಓಣಿಯೆಲ್ಲ ಇತ್ತು, ಹಗಲಿತ್ತು. ನರೆತ ಕೂದಲು, ಗಲ್ಲದ ಮೇಲೆ ಹಚ್ಚೆಯ ಚುಕ್ಕೆ, ಸುಕ್ಕು ಬಿದ್ದ ಒಂದು ಸಾದಾ ಮುಖ. ನಾನು ದಿನಾ ಕಂಡ ಮುಖ. ಅದನ್ನು ತೆಗೆಯಿರಿ ಎಂದು ಅವಳ ಭುಜ ಹಿಡಿದು ಅಲುಗಾಡಿಸಿದವಳು ನಾನು. ಈಗ ಅವಳು ತಾನೇ ತೆಗೆದಾಗ ಅದನ್ನು ಮತ್ತೆ ಎಳೆದು ಮುಚ್ಚಿಬಿಡಬೇಕು ಅನ್ನಿಸಿತು.

ಸಾಹುಕಾರ ಗೋಡೆಗೆ ತಿರುಗಿದ. ನೆರೆದವರೆಲ್ಲ ತಿರುಗಿದರು.

"ಇದು ಯಾರ ಮನಿ, ನನ್ನ ಮಾರಿ ನೋಡಿ ಹೇಳ್ರಿ," ಎಂದಳು ಖಾಲಾ.

ಯಾರೂ ತಿರುಗಲಿಲ್ಲ. ಅವಳು ಮತ್ತೆ ಕೇಳಿದಳು. ಸಾಹುಕಾರನ ಸೊಸೆ ತಂಬಿಗೆ ಹಿಡಿದುಕೊಂಡೇ ಅಳತೊಡಗಿದಳು. ಗೋಡೆಗೆ ಮುಖ ಮಾಡಿ ನಿಂತ ಸಾಹುಕಾರನ ಸೊಂಟದ ಉಡಿದಾರದಲ್ಲಿ ಆ ಮನೆಯ ಕೀಲಿಕೈ ಜೋತಾಡುತ್ತಿತ್ತು.